ಅಂಗಡಿಯಿಂದ ತಂದ ಗ್ರಿಲ್ ಚಿಕನ್ ಮರುದಿನವೂ ಒಣಗದಂತೆ ಇಡುವುದು ಹೇಗೆ?

ಮೂರು ದೂರುಗಳು ಮತ್ತೆ ಮತ್ತೆ ಕಿವಿಗೆ ಬೀಳುತ್ತವೆ. ಮೈಕ್ರೋವೇವ್‌ನಲ್ಲಿ ಎರಡೇ ನಿಮಿಷ ಇಟ್ಟೆ, ಎದೆ ಭಾಗ ತೆಂಗಿನ ನಾರಿನ ಹಾಗಾಯಿತು ಅನ್ನುವುದು ಮೊದಲನೆಯದು. ರಾತ್ರಿ ಘಮ್ ಅಂತಿತ್ತು, ಬೆಳಿಗ್ಗೆ ಒಂಥರಾ ಫ್ರಿಜ್ ವಾಸನೆ ಅನ್ನುವುದು ಎರಡನೆಯದು. ಉಳಿದದ್ದನ್ನು ಸಾರಿಗೆ ಹಾಕಿ ಚೆನ್ನಾಗಿ ಕುದಿಸಿದೆ, ಸಾರು ಸೂಪರ್, ಚಿಕನ್ ಮಾತ್ರ ರಬ್ಬರ್ ಅನ್ನುವುದು ಮೂರನೆಯದು.

ಮೂರರಲ್ಲಿ ಎರಡಕ್ಕೆ ಕಾರಣ ಒಂದೇ. ಅಂಗಡಿಯ ಚಿಕನ್ ಬೆಂದು ಮುಗಿದಿದೆ. ನಾವು ಮಾಡಬೇಕಾದದ್ದು ಬಿಸಿ ಮಾಡುವುದು. ಮಾಡುತ್ತಿರುವುದು ಇನ್ನೊಂದು ಸಲ ಬೇಯಿಸುವುದು. ಬಿಸಿ ಜಾಸ್ತಿಯಾದಷ್ಟೂ ಮಾಂಸದ ಎಳೆಗಳು ಬಿಗಿಯಾಗಿ ಒಳಗಿನ ನೀರನ್ನು ಹೊರಗೆ ಹಿಂಡುತ್ತವೆ, ಒದ್ದೆ ಬಟ್ಟೆ ಹಿಂಡಿದ ಹಾಗೆ. ಹಾಗೆ ಹೊರಗೆ ಹೋದ ನೀರು ಎಳೆಯೊಳಗೆ ವಾಪಸ್ ಬರುವುದಿಲ್ಲ. ಆಮೇಲೆ ಎಷ್ಟು ಗ್ರೇವಿ ಸುರಿದರೂ ಅದು ಮೇಲೆ ಅಂಟಿಕೊಂಡಿರುತ್ತದೆ ಅಷ್ಟೇ.

ಇಲ್ಲಿ ಹೇಳುತ್ತಿರುವುದು ಗಾಜಿನ ಪೆಟ್ಟಿಗೆಯೊಳಗೆ ಕಂಬಿಗೆ ಪೋಣಿಸಿ ತಿರುಗಿಸುವ ಗ್ರಿಲ್ ಚಿಕನ್ ಬಗ್ಗೆ. ಬೆಂಗಳೂರು, ಮೈಸೂರು, ಮಂಗಳೂರಿನಲ್ಲಿ ಸಂಜೆಯಾದರೆ ಎಲ್ಲ ಕಡೆ ಕಾಣುತ್ತದಲ್ವಾ, ಅದೇ. ಅಲ್ ಫಹಾಮ್, ತಂದೂರಿಗೂ ಇದೇ ಕ್ರಮ ನಡೆಯುತ್ತದೆ. ಆದರೆ ತಂದೂರಿಗೆ ಚರ್ಮ ತೆಗೆದಿರುತ್ತಾರೆ, ಹಾಗಾಗಿ ಇನ್ನೂ ಬೇಗ ಒಣಗುತ್ತದೆ. ಎಣ್ಣೆಯಲ್ಲಿ ಕರಿದ ಕಬಾಬಿನ ವಿಷಯ ಬೇರೆ, ಅದನ್ನು ಇಲ್ಲಿ ಸೇರಿಸಿಲ್ಲ. ಅದನ್ನು ಬಿಸಿಬಿಸಿ ತಿಂದು ಮುಗಿಸುವುದೇ ಸರಿ.

ಮೊದಲು ಇವಿಷ್ಟನ್ನು ಹತ್ತಿರ ಇಟ್ಟುಕೊಳ್ಳಿ

ಅಗಲವಾದ, ಆಳವಿಲ್ಲದ, ಗಾಳಿಯಾಡದ ಮುಚ್ಚಳದ ಎರಡು ಡಬ್ಬಿ. ಒಂದು ಇಡ್ಲಿ ಪಾತ್ರೆ. ದಪ್ಪ ತಳದ ಬಾಣಲೆ, ಅದಕ್ಕೆ ಸರಿಯಾಗಿ ಕೂರುವ ಮುಚ್ಚಳ. ಪ್ರೆಶರ್ ಕುಕ್ಕರ್. ಐಸ್ ಟ್ರೇ. ಸ್ವಲ್ಪ ಅಲ್ಯೂಮಿನಿಯಂ ಫಾಯಿಲ್.

ಇನ್ನೊಂದು ವಸ್ತು ಕೊಳ್ಳಿ ಎಂದು ನಾನು ಒತ್ತಾಯ ಮಾಡುತ್ತೇನೆ. ಚೂಪು ಕಡ್ಡಿ ಇರುವ ಅಡುಗೆ ಥರ್ಮಾಮೀಟರ್. ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಮುಟ್ಟಿ ನೋಡಿ ಬಿಸಿ ಅಳೆಯುವವರು ಭಯಕ್ಕೆ ಐದು ನಿಮಿಷ ಜಾಸ್ತಿ ಇಡುತ್ತಾರೆ. ಆ ಐದು ನಿಮಿಷದಲ್ಲೇ ಎಲ್ಲ ಹಾಳಾಗುತ್ತದೆ.

ಹಂತ 1: ಅಂಗಡಿಯ ಮುಂದೆ ನಿಂತಾಗ

ಒಣಗಿದ ಕೋಳಿಯನ್ನೇ ತಂದರೆ ಮನೆಯಲ್ಲಿ ಯಾರೂ ಏನೂ ಮಾಡಲಾಗುವುದಿಲ್ಲ. ಹಾಗಾಗಿ ಕೆಲಸ ಶುರುವಾಗುವುದು ಇಲ್ಲಿಂದ.

ಕಾಲಿನ ತುದಿ ನೋಡಿ. ಲೆಗ್ ಪೀಸ್‌ನ ತುದಿಯಲ್ಲಿ ಮಾಂಸ ಮೇಲಕ್ಕೆ ಸರಿದು ಮೂಳೆ ತುಂಬ ಹೊರಗೆ ಬಂದಿದ್ದರೆ, ಎದೆಯ ಮೇಲಿನ ಚರ್ಮ ಸುಕ್ಕುಗಟ್ಟಿ ಕಾಗದದ ಹಾಗಿದ್ದರೆ, ಅದು ತುಂಬ ಹೊತ್ತಿನಿಂದ ತಿರುಗುತ್ತಿದೆ ಎಂದರ್ಥ. ಚರ್ಮ ಉಬ್ಬಿಕೊಂಡು ಹೊಳೆಯುತ್ತಿದ್ದು ಜಿಡ್ಡು ತೊಟ್ಟಿಕ್ಕುತ್ತಿದ್ದರೆ ಅದನ್ನೇ ಕೇಳಿ. "ಈಗ ಬೆಂದಿದ್ದು ಯಾವುದಣ್ಣ?" ಎಂದು ಕೇಳಿದರೆ ಬಹಳ ಜನ ತೋರಿಸುತ್ತಾರೆ.

ಬಣ್ಣ ನೋಡಿ ಮರುಳಾಗಬೇಡಿ. ಕೆಂಪು ಜಾಸ್ತಿ ಇದ್ದರೆ ರುಚಿ ಜಾಸ್ತಿ ಎಂದೇನಿಲ್ಲ. ಕಬಾಬಿಗೆ ಕೃತಕ ಬಣ್ಣ ಹಾಕುವುದನ್ನು ಕರ್ನಾಟಕ ಸರ್ಕಾರ 2024ರ ಜೂನ್‌ನಲ್ಲಿ ನಿಷೇಧಿಸಿದ್ದು ನೆನಪಿರಬಹುದು.

ಈಗ ಮುಖ್ಯವಾದದ್ದು. ಅಂಗಡಿಯವರು ಕೇಳದೆಯೇ ಕೋಳಿಯನ್ನು ಎಂಟು ಹತ್ತು ತುಂಡು ಮಾಡಿ ಕಟ್ಟಿಬಿಡುತ್ತಾರೆ. ತಕ್ಷಣ ತಿನ್ನುವುದಾದರೆ ಪರವಾಗಿಲ್ಲ. ನಾಳೆಗೂ ಇಡುವ ಯೋಚನೆ ಇದ್ದರೆ "ಕಟ್ ಮಾಡಬೇಡಿ, ಹಾಗೇ ಕೊಡಿ" ಎನ್ನಿ. ಹೆಚ್ಚೆಂದರೆ ಎರಡು ಭಾಗ ಸಾಕು. ಉರಿಯಿಂದ ಇಳಿಸಿದ ತಕ್ಷಣ ಕತ್ತರಿಸಿದರೆ ರಸವೆಲ್ಲ ಹಲಗೆಯ ಮೇಲೆ ಹರಿದುಹೋಗುತ್ತದೆ. ಆ ಹಲಗೆಯಲ್ಲಿ ಬೆಳಿಗ್ಗೆಯಿಂದ ಏನೇನು ಕತ್ತರಿಸಿದ್ದಾರೋ ಅನ್ನುವುದೂ ಇದೆ.

ಮಯೋನೀಸ್ ಬೇರೆ ಪೊಟ್ಟಣದಲ್ಲಿ ಇರಲಿ. ಅಂದೇ ರಾತ್ರಿ ಮುಗಿಸಿ, ಉಳಿದರೆ ಎಸೆಯಿರಿ. ಹಸಿ ಮೊಟ್ಟೆಯಿಂದ ಮಾಡಿದ ಮಯೋನೀಸ್ ಎಷ್ಟು ತೊಂದರೆ ಕೊಟ್ಟಿದೆಯೆಂದರೆ, ಕೇರಳ 2023ರಲ್ಲಿ, ತೆಲಂಗಾಣ 2024ರಲ್ಲಿ ಅದನ್ನು ನಿಷೇಧಿಸಿದವು. ಕೋಳಿಗೆ ಸವರಿಟ್ಟು ಫ್ರಿಜ್‌ನಲ್ಲಿ ಇಡುವುದಂತೂ ಬೇಡವೇ ಬೇಡ.

ಹಂತ 2: ಮನೆ ತಲುಪಿದ ಮೊದಲ ಅರ್ಧ ಗಂಟೆ

ಬಹಳ ಜನ ಸೋಲುವುದು ಇಲ್ಲೇ. ತಿಂದಷ್ಟು ತಿಂದು, ಉಳಿದದ್ದನ್ನು ಫಾಯಿಲ್ ಸಮೇತ ಅಡುಗೆಮನೆ ಕಟ್ಟೆಯ ಮೇಲೆ ಬಿಟ್ಟು, ಮಲಗುವ ಮೊದಲು ನೆನಪಾಗಿ ಫ್ರಿಜ್‌ಗೆ ತಳ್ಳುತ್ತೇವೆ. ಅಷ್ಟರಲ್ಲಿ ಚರ್ಮ ಬೆವತು ಮೆತ್ತಗಾಗಿರುತ್ತದೆ, ಜಿಡ್ಡು ಗಟ್ಟಿಯಾಗಿರುತ್ತದೆ, ಮಾಂಸ ಮೂಳೆಗೆ ಅಂಟಿಕೊಂಡಿರುತ್ತದೆ. ಗಡಿಯಾರವೂ ಓಡಿರುತ್ತದೆ.

ಗಡಿಯಾರದ ಲೆಕ್ಕ ಹೀಗೆ. 4 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬ್ಯಾಕ್ಟೀರಿಯಾ ವೇಗವಾಗಿ ಬೆಳೆಯುತ್ತವೆ. ಬೆಂದ ಮಾಂಸ ಈ ನಡುವಿನ ಬಿಸಿಯಲ್ಲಿ ಒಟ್ಟು 2 ಗಂಟೆಗಿಂತ ಜಾಸ್ತಿ ಇರಬಾರದು. ಹೊರಗಿನ ಸೆಕೆ 32 ಡಿಗ್ರಿ ದಾಟಿದ್ದರೆ 1 ಗಂಟೆ ಅಷ್ಟೇ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಎರಡು ಗಂಟೆಯ ಮಾತೇ ಇಲ್ಲ. ಪಾರ್ಸೆಲ್ ತಣ್ಣಗಾಗುತ್ತಾ ದಾರಿಯಲ್ಲಿ ಕಳೆದ ಸಮಯವೂ ಇದಕ್ಕೇ ಸೇರುತ್ತದೆ. ಬೆಂಗಳೂರಿನ ಟ್ರಾಫಿಕ್ ಗೊತ್ತಲ್ವಾ.

ಹಾಗಾಗಿ ಊಟಕ್ಕೆ ಕೂರುವ ಮೊದಲೇ ಈ ಕ್ರಮದಲ್ಲಿ ಮಾಡಿ:

1. ಪಾರ್ಸೆಲ್ ಬಿಚ್ಚಿ. ತಳದಲ್ಲಿ ನಿಂತ ರಸವನ್ನು ಒಂದು ಬಟ್ಟಲಿಗೆ ಬಗ್ಗಿಸಿಕೊಳ್ಳಿ. ಒಂದು ಹನಿಯೂ ಚೆಲ್ಲಬೇಡಿ. ನಾಳೆಯ ರುಚಿ ಇರುವುದು ಇದರಲ್ಲೇ.

2. ಈಗ ತಿನ್ನುವುದು ಎಷ್ಟು, ನಾಳೆಗೆ ಎಷ್ಟು, ಮೊದಲೇ ಬೇರೆ ಮಾಡಿ. ಎದೆ ಭಾಗವನ್ನು ಇವತ್ತು ತಿನ್ನಿ. ತೊಡೆ, ಕಾಲು ನಾಳೆಗೆ ಇರಲಿ. ಎದೆಯಲ್ಲಿ ಜಿಡ್ಡು ಕಡಿಮೆ, ಬೇಗ ಒಣಗುತ್ತದೆ. ತೊಡೆಯಲ್ಲಿ ಜಿಡ್ಡೂ ಇದೆ, ಬೆಂದಾಗ ಜೆಲ್ಲಿಯಾಗುವ ನರಗಳೂ ಇವೆ. ಅದು ಎರಡನೆಯ ಬಿಸಿಯನ್ನು ತಡೆದುಕೊಳ್ಳುತ್ತದೆ. ಮಕ್ಕಳು ಲೆಗ್ ಪೀಸ್‌ಗೇ ಜಗಳ ಆಡುವ ಮನೆಯಲ್ಲಿ ಈ ಸಲಹೆ ನಡೆಯುವುದಿಲ್ಲ, ಅದು ನನಗೂ ಗೊತ್ತು.

3. ನಾಳೆಗೆ ಇಡುವ ಭಾಗವನ್ನು ಕೈ ತಾಳುವಷ್ಟು ಬಿಸಿ ಇರುವಾಗಲೇ ಮೂಳೆಯಿಂದ ಬಿಡಿಸಿ. ಕೈ ಚೆನ್ನಾಗಿ ತೊಳೆದುಕೊಂಡಿರಬೇಕು. ಬಿಸಿಯಲ್ಲಿ ಮಾಂಸ ದೊಡ್ಡ ತುಂಡಾಗಿ ಸಲೀಸಾಗಿ ಬರುತ್ತದೆ. ತಣ್ಣಗಾದ ಮೇಲೆ ಕಿತ್ತರೆ ಚೂರು ಚೂರಾಗುತ್ತದೆ.

4. ಎದೆಯನ್ನು ಎಳೆ ಎಳೆಯಾಗಿ ಬಿಡಿಸಬೇಡಿ. ಇಡೀ ತುಂಡಾಗಿ ತೆಗೆದು ಹಾಗೇ ಇಡಿ. ತೆಳು ಎಳೆ ಅಂದರೆ ಒಣಗಲು ಜಾಸ್ತಿ ಜಾಗ ಮಾಡಿಕೊಟ್ಟ ಹಾಗೆ. ತಿನ್ನುವಾಗ ಕತ್ತರಿಸಿದರೆ ಸಾಕು. ಕತ್ತರಿಸುವಾಗಲೂ ಎಳೆಗೆ ಅಡ್ಡವಾಗಿ, ಬೆರಳಿನಷ್ಟು ದಪ್ಪ. ಉದ್ದಕ್ಕೆ ಕತ್ತರಿಸಿದ ಎದೆ ಮಾಂಸ ಒಣಗದಿದ್ದರೂ ಬಾಯಿಗೆ ನಾರು ಎನಿಸುತ್ತದೆ.

5. ಚರ್ಮವನ್ನು ಬೇರೆ ಡಬ್ಬಿಯಲ್ಲಿ ಇಡಿ. ಅದರ ಮೇಲೆ ಮಸಾಲೆ ಇದೆ, ಜಿಡ್ಡು ಇದೆ. ಮಾಂಸದ ಜೊತೆ ಇಟ್ಟರೆ ಒದ್ದೆಯಾಗಿ ಜೋಲುತ್ತದೆ.

ಬಿಡಿಸುವಾಗ ಮೂಳೆಯ ಪಕ್ಕ ಸ್ವಲ್ಪ ಗುಲಾಬಿ ಬಣ್ಣ ಕಂಡರೆ ಗಾಬರಿಯಾಗಬೇಡಿ. ಎಳೆಯ ಕೋಳಿಯ ಮೂಳೆಯೊಳಗಿನ ಮಜ್ಜೆಯ ಬಣ್ಣ ಹೊರಗೆ ಇಳಿದು ಹಾಗೆ ಕಾಣುತ್ತದೆ, ಪೂರ್ತಿ ಬೆಂದಿದ್ದರೂ ಇರಬಹುದು. ಆದರೆ ಮಾಂಸವೇ ಪಾರದರ್ಶಕವಾಗಿ, ಹಸಿಯಾಗಿ, ಮೂಳೆ ಬಿಡದೆ ಎಳೆದಾಡುತ್ತಿದ್ದರೆ ಬೆಂದಿಲ್ಲ. ಅನುಮಾನ ಬಂದರೆ ಥರ್ಮಾಮೀಟರ್ ಚುಚ್ಚುವುದು ಅಂಗಡಿಯಿಂದ ತಂದ ಬಿಸಿಯಲ್ಲೇ. 74 ಡಿಗ್ರಿ ತೋರಿಸಿದರೆ ಬೆಂದಿದೆ. ತಣ್ಣಗಾದ ಮೇಲೆ ಅಳೆದರೆ ಏನೂ ಗೊತ್ತಾಗುವುದಿಲ್ಲ.

ಹಂತ 3: ಊಟ ಮಾಡುವಾಗ ಮೂಳೆ ಕುಕ್ಕರ್‌ನಲ್ಲಿರಲಿ

ಬೆನ್ನಿನ ಗೂಡು, ಕತ್ತು, ರೆಕ್ಕೆಯ ತುದಿ, ಬಿಡಿಸಿದ ಮೂಳೆಗಳು. ಇವನ್ನು ಎಸೆಯುವವರಿಗೆ ನಾಳೆ ಬಿಸಿ ಮಾಡಲು ಬರೀ ನೀರೇ ಗತಿ. ತಟ್ಟೆಯಲ್ಲಿ ಬಾಯಿ ಹಾಕಿದ ಮೂಳೆ ಮಾತ್ರ ಸೇರಿಸಬೇಡಿ.

ಒಂದು ಕೋಳಿಯ ಮೂಳೆಗೆ ಸುಮಾರು 1 ಲೀಟರ್ ನೀರು, ಅರ್ಧ ಈರುಳ್ಳಿ, ಜಜ್ಜಿದ ಶುಂಠಿ ಒಂದು ತುಂಡು, ಏಳೆಂಟು ಕಾಳುಮೆಣಸು. ಉಪ್ಪು ಬೇಡ, ಮಸಾಲೆಯಲ್ಲಿ ಆಗಲೇ ಇದೆ. ಒಂದು ವಿಶಲ್ ಬಂದ ಮೇಲೆ ಸಣ್ಣ ಉರಿಯಲ್ಲಿ 30 ನಿಮಿಷ. ಸೋಸಿ, ಪಾತ್ರೆಯನ್ನು ಸಿಂಕ್‌ನಲ್ಲಿ ತಣ್ಣೀರಿನಲ್ಲಿ ನಿಲ್ಲಿಸಿ ಬೇಗ ಆರಿಸಿ. ಐದಾರು ಚಮಚ ಬೇರೆ ಇಟ್ಟು ಉಳಿದದ್ದನ್ನು ಫ್ರಿಜ್‌ಗೆ, ಒಂದಿಷ್ಟು ಐಸ್ ಟ್ರೇಗೆ. ಟ್ರೇಯ ಒಂದು ಗುಳಿಯಲ್ಲಿ ಸುಮಾರು ಎರಡು ದೊಡ್ಡ ಚಮಚ ಹಿಡಿಯುತ್ತದೆ. ಮುಂದೆ ಅಳತೆಗೆ ಅದೇ ಅನುಕೂಲ.

ಬೆಳಿಗ್ಗೆ ಈ ಮೂಳೆಯ ರಸ, ಅಂದರೆ ಸ್ಟಾಕ್, ಜೆಲ್ಲಿಯ ಹಾಗೆ ಅಲುಗಾಡುತ್ತಿದ್ದರೆ ಕೆಟ್ಟಿದೆ ಎಂದು ಚೆಲ್ಲಬೇಡಿ. ಮೂಳೆ, ಚರ್ಮದಿಂದ ಇಳಿದ ಜೆಲಾಟಿನ್ ಅದು. ಪಾರ್ಸೆಲ್‌ನ ರಸವೂ ಫ್ರಿಜ್‌ನಲ್ಲಿ ಹೀಗೇ ಗಟ್ಟಿಯಾಗುತ್ತದೆ. ಬಿಸಿಯಾದಾಗ ಕರಗಿ ಮಾಂಸದ ತುಂಡುಗಳನ್ನು ತೆಳುವಾಗಿ ಸುತ್ತಿಕೊಳ್ಳುತ್ತದೆ. ಬರೀ ನೀರು ಹಾಕಿದಾಗ ಸಿಗದ ಮೃದುತನ ಇದರಿಂದ ಸಿಗುತ್ತದೆ.

ಹಂತ 4: ಫ್ರಿಜ್‌ಗೆ ಇಡುವ ಕ್ರಮ

ಮಾಂಸವನ್ನು ಅಗಲ ಡಬ್ಬಿಯಲ್ಲಿ ಒಂದೇ ಪದರವಾಗಿ ಹರಡಿ. ಪಾರ್ಸೆಲ್‌ನ ರಸ ಸುರಿಯಿರಿ. ಆರಿಸಿಟ್ಟ ಸ್ಟಾಕ್‌ನಿಂದ ನಾಲ್ಕೈದು ಚಮಚ ಸೇರಿಸಿ. ತುಂಡುಗಳು ಮುಳುಗಬೇಕಿಲ್ಲ, ತಳ ಒದ್ದೆಯಾಗಿ ಮೇಲ್ಮೈ ಹೊಳೆದರೆ ಸಾಕು. ಫಾಯಿಲ್ ಅಥವಾ ಪ್ಲಾಸ್ಟಿಕ್ ಹಾಳೆಯನ್ನು ಮಾಂಸಕ್ಕೇ ತಾಗುವಂತೆ ಒತ್ತಿ ಮುಚ್ಚಿ, ಅದರ ಮೇಲೆ ಮುಚ್ಚಳ. ಮಸಾಲೆಯಲ್ಲಿ ನಿಂಬೆ ಜಾಸ್ತಿ ಇದ್ದರೆ ಫಾಯಿಲ್ ಬದಲು ಪ್ಲಾಸ್ಟಿಕ್ ಹಾಳೆಯೇ ಇರಲಿ.

ಈ ಒತ್ತಿ ಮುಚ್ಚುವುದು ಯಾಕೆ? ಫ್ರಿಜ್ ವಾಸನೆ ಎಂದು ನಾವು ಬೈಯುತ್ತೇವಲ್ಲ, ಅದರಲ್ಲಿ ಫ್ರಿಜ್‌ನ ತಪ್ಪು ಕಡಿಮೆ. ಬೆಂದ ಕೋಳಿ ಮಾಂಸದ ಜಿಡ್ಡು ಗಾಳಿ ತಾಗಿ ಕೆಡಲು ಶುರುವಾಗುತ್ತದೆ. ಬೇಯುವಾಗ ಮಾಂಸದಿಂದ ಬಿಡುಗಡೆಯಾದ ಕಬ್ಬಿಣದ ಅಂಶ ಅದನ್ನು ಇನ್ನೂ ಬೇಗ ಮಾಡಿಸುತ್ತದೆ. ಹಳೇ ರಟ್ಟಿನ ಹಾಗೆ ಒಂದು ವಾಸನೆ ಬರುತ್ತದಲ್ವಾ, ಅದು ಇದೇ. ಮತ್ತೆ ಬಿಸಿ ಮಾಡಿದಾಗ ಎದ್ದು ಮೂಗಿಗೆ ಬಡಿಯುತ್ತದೆ. ಗಾಳಿ ತಾಗದಿದ್ದರೆ ತುಂಬ ನಿಧಾನವಾಗುತ್ತದೆ. ಹಿಂದೆ ಹೇಳಿದ ಮೂರು ದೂರುಗಳಲ್ಲಿ ಎರಡನೆಯದಕ್ಕೆ ಮದ್ದು ಇಷ್ಟೇ. ಈರುಳ್ಳಿ ಕತ್ತರಿಸಿಟ್ಟು, ನಿಂಬೆ ಹೋಳು ಇಟ್ಟು ಫ್ರಿಜ್ ಶುದ್ಧ ಮಾಡುವ ಉಪಾಯಗಳಿಂದ ಇದಕ್ಕೆ ಉಪಯೋಗವಿಲ್ಲ.

ಬಿಸಿ ಇರುವುದನ್ನು ಫ್ರಿಜ್‌ನಲ್ಲಿ ಇಡಬಾರದು ಎಂದು ಮನೆಯ ಹಿರಿಯರು ಹೇಳುತ್ತಾರೆ. ಕುದಿಯುವ ದೊಡ್ಡ ಪಾತ್ರೆಗೆ ಆ ಮಾತು ಸರಿ. ಹರಡಿದ ತುಂಡುಗಳಿಗೆ ಅಲ್ಲ. ಹಬೆ ನಿಲ್ಲುವವರೆಗೆ ಇಪ್ಪತ್ತು ಮೂವತ್ತು ನಿಮಿಷ ಬಿಟ್ಟು ಒಳಗೆ ಇಡಿ. ಪೂರ್ತಿ ಆರಲಿ ಎಂದು ಕಾಯಬೇಡಿ. ಇಡೀ ಕೋಳಿಯನ್ನು ಹಾಗೇ ಇಟ್ಟರೆ ಹೊಟ್ಟೆಯ ಭಾಗ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ, ಅದಕ್ಕೇ ಬಿಡಿಸಿ ಇಡುವುದು.

ಫ್ರಿಜ್ 4 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಮೂರು, ಹೆಚ್ಚೆಂದರೆ ನಾಲ್ಕು ದಿನ ಇಡಬಹುದು. ಅದು ಸುರಕ್ಷತೆಯ ಲೆಕ್ಕ. ರುಚಿಯ ಲೆಕ್ಕ ಎರಡೇ ದಿನ. ಬಾಗಿಲಿನ ಅರೆಯಲ್ಲಿ ಇಡಬೇಡಿ, ಒಳಗಿನ ತಟ್ಟಿನ ಹಿಂಭಾಗದಲ್ಲಿ ಇಡಿ. ಕರೆಂಟ್ ಹೋದರೆ ಬಾಗಿಲು ತೆಗೆಯದೇ ಇದ್ದಲ್ಲಿ ಫ್ರಿಜ್ ಸುಮಾರು 4 ಗಂಟೆ ತಂಪು ಹಿಡಿದಿಡುತ್ತದೆ. ಅದಕ್ಕಿಂತ ಜಾಸ್ತಿ ಹೊತ್ತು ಹೋಗಿದ್ದರೆ ಚಿಕನ್ ಆಸೆ ಬಿಡಿ.

ಹಂತ 5: ಬಿಸಿ ಮಾಡುವುದು

ಮೊದಲು ನಿಯಮ. ಮಧ್ಯದಲ್ಲಿ 74 ಡಿಗ್ರಿ ಮುಟ್ಟಬೇಕು. ಮುಟ್ಟಿದ ತಕ್ಷಣ ಇಳಿಸಬೇಕು. ತಿನ್ನುವಷ್ಟನ್ನೇ ಡಬ್ಬಿಯಿಂದ ತೆಗೆಯಬೇಕು. ಒಮ್ಮೆ ಬಿಸಿ ಮಾಡಿದ್ದು ವಾಪಸ್ ಫ್ರಿಜ್‌ಗೆ ಹೋಗಬಾರದು. ಇಡೀ ಡಬ್ಬಿಯನ್ನು ದಿನಕ್ಕೆರಡು ಸಲ ಬಿಸಿ ಮಾಡಿ ಇಡುವ ಅಭ್ಯಾಸ ಹುಳಿ ಸಾರಿಗೆ ಸರಿ, ಇದಕ್ಕಲ್ಲ.

*ಇಡ್ಲಿ ಪಾತ್ರೆ.* ಎದೆ ಭಾಗಕ್ಕೆ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ. ಹಬೆಯಲ್ಲಿ ಮಾಂಸದ ಮೇಲ್ಮೈ 100 ಡಿಗ್ರಿ ದಾಟುವುದೇ ಇಲ್ಲ, ಸುತ್ತಲೂ ತೇವ ಇರುತ್ತದೆ. ಸ್ಟೀಲ್ ಬಟ್ಟಲಿನಲ್ಲಿ ತುಂಡುಗಳನ್ನಿಟ್ಟು, ಎರಡು ಮೂರು ಚಮಚ ಸ್ಟಾಕ್ ಹಾಕಿ, ಬಟ್ಟಲಿಗೆ ತಟ್ಟೆ ಮುಚ್ಚಿ. ಈ ತಟ್ಟೆ ಮರೆತರೆ ಮುಚ್ಚಳದ ಹಬೆನೀರು ತೊಟ್ಟಿಕ್ಕಿ ಮಸಾಲೆ ತೊಳೆದುಹೋಗುತ್ತದೆ. ನೀರು ಕುದಿದು ಹಬೆ ಬಂದ ಮೇಲೆ ಬಟ್ಟಲು ಇಟ್ಟು 8ರಿಂದ 10 ನಿಮಿಷ. ಕುಕ್ಕರ್‌ನಲ್ಲಿ ಮಾಡುವುದಾದರೆ ವೆಯ್ಟ್ ಹಾಕಬೇಡಿ. ವಿಶಲ್ ಬರಿಸಿದರೆ ಒಳಗೆ 100 ಡಿಗ್ರಿ ದಾಟುತ್ತದೆ, ಅದು ಮತ್ತೆ ಬೇಯಿಸುವ ಕೆಲಸ.

*ಬಾಣಲೆ.* ತೊಡೆ, ಕಾಲು, ಮೂಳೆ ಇರುವ ತುಂಡುಗಳಿಗೆ. ಒಂದು ಚಮಚ ಬೆಣ್ಣೆ ಅಥವಾ ತುಪ್ಪ, ಎರಡು ಗುಳಿ ಸ್ಟಾಕ್. ಗುಳುಗುಳು ಎಂದಾಗ ತುಂಡುಗಳನ್ನು ಇಟ್ಟು ಮುಚ್ಚಿ. ಸಣ್ಣ ಉರಿಯಲ್ಲಿ 6ರಿಂದ 8 ನಿಮಿಷ, ನಡುವೆ ಒಮ್ಮೆ ತಿರುವಿ. ಕೊನೆಗೆ ಮುಚ್ಚಳ ತೆಗೆದು ಒಂದು ನಿಮಿಷ, ರಸ ಗಟ್ಟಿಯಾಗಿ ತುಂಡಿಗೆ ಅಂಟುತ್ತದೆ. ದೊಡ್ಡ ಉರಿಯಲ್ಲಿ ಮಾಡುವವರು ಹೊರಗೆ ಸೀಯಿಸಿ ಒಳಗೆ ತಣ್ಣಗೆ ಬಿಡುತ್ತಾರೆ. ಆಮೇಲೆ ಮತ್ತೆ ಇಡುತ್ತಾರೆ.

*ಓವನ್.* ಬಿಡಿಸದೆ ಇಟ್ಟ ಇಡೀ ಅಥವಾ ಅರ್ಧ ಕೋಳಿ ಇದ್ದರೆ ಇದು ಸರಿ. 160 ಡಿಗ್ರಿಗೆ ಮೊದಲೇ ಕಾಯಿಸಿ. ತಟ್ಟೆಯ ತಳಕ್ಕೆ ಅರ್ಧ ಲೋಟ ಸ್ಟಾಕ್, ಮೇಲೆ ಫಾಯಿಲ್ ಬಿಗಿಯಾಗಿ. ಅರ್ಧ ಕೋಳಿಗೆ 20 ನಿಮಿಷದ ನಂತರ ಅಳೆಯಲು ಶುರು ಮಾಡಿ, ಇಡೀ ಕೋಳಿಗೆ 25ರಿಂದ 30ರ ನಂತರ. ತೊಡೆಯ ದಪ್ಪ ಜಾಗದಲ್ಲಿ, ಮೂಳೆ ತಾಗದಂತೆ ಚುಚ್ಚಿ. 70ರ ಹತ್ತಿರ ಬಂದಾಗ ಫಾಯಿಲ್ ತೆಗೆದು ಬಿಸಿಯನ್ನು 220ಕ್ಕೆ ಏರಿಸಿ ಐದು ನಿಮಿಷ ಬಿಟ್ಟರೆ ಚರ್ಮ ಮತ್ತೆ ಗರಿಗರಿ. ಓಟಿಜಿ, ಅಂದರೆ ಕರೆಂಟಿನ ಪುಟ್ಟ ಓವನ್ ಆದರೆ ಮೇಲಿನ ಕಾಯಿಲ್ ಹತ್ತಿರ ಇರುತ್ತದೆ, ಪಕ್ಕದಲ್ಲೇ ನಿಂತಿರಿ.

*ಮೈಕ್ರೋವೇವ್.* ಪೂರ್ತಿ ಪವರ್‌ನಲ್ಲಿ ಎರಡು ನಿಮಿಷ ಎನ್ನುವುದೇ ತಪ್ಪು. ಪವರ್ 50 ಪ್ರತಿಶತಕ್ಕೆ ಇಳಿಸಿ. ಒಂದೇ ಗಾತ್ರದ ತುಂಡುಗಳನ್ನು ತಟ್ಟೆಯ ಅಂಚಿಗೆ ಸುತ್ತ ಜೋಡಿಸಿ, ಮಧ್ಯ ಖಾಲಿ ಬಿಡಿ. ಎರಡು ಚಮಚ ಸ್ಟಾಕ್, ಮೇಲೆ ಒದ್ದೆ ಟಿಶ್ಯೂ. ಒಂದು ನಿಮಿಷ, ತಿರುವಿ, ಮತ್ತೆ ಒಂದು ನಿಮಿಷ. ಆಮೇಲೆ ಎರಡು ನಿಮಿಷ ಸುಮ್ನೆ ಬಿಡಿ, ಬಿಸಿ ಒಳಗೆ ಹರಡುತ್ತದೆ. ಅಳೆದು ನೋಡಿ, ಬೇಕಿದ್ದರೆ ಇನ್ನೊಂದು ನಿಮಿಷ. ಒಳಗೆ ಪಟಪಟ ಸಿಡಿಯುವ ಸದ್ದು ಬಂದರೆ ತಕ್ಷಣ ನಿಲ್ಲಿಸಿ. ಆ ಸದ್ದು ಮಾಂಸದ ನೀರು ಹಬೆಯಾಗಿ ಹಾರಿಹೋಗುವ ಸದ್ದು.

*ಏರ್ ಫ್ರೈಯರ್.* ರೆಕ್ಕೆ, ಚರ್ಮ ಇರುವ ಕಾಲಿಗೆ ಮಾತ್ರ. ಎಣ್ಣೆ ಸವರಿ 180 ಡಿಗ್ರಿಯಲ್ಲಿ 4ರಿಂದ 5 ನಿಮಿಷ ಕೊಟ್ಟು ಅಳೆಯಿರಿ. ಎದೆ ಭಾಗವನ್ನು ಅದರ ಹತ್ತಿರ ಒಯ್ಯಬೇಡಿ. ಒಣ ಬಿಸಿಗಾಳಿ ಬೀಸುವ ಯಂತ್ರ ಅದು, ಅದರ ಕೆಲಸವೇ ಒಣಗಿಸುವುದು.

ಬೇರೆ ಇಟ್ಟ ಚರ್ಮವನ್ನು ಒಣ ತವಾ ಮೇಲೆ ಹರಡಿ, ಮೇಲೊಂದು ತಟ್ಟೆ ಒತ್ತಿ, ಸಣ್ಣ ಉರಿಯಲ್ಲಿ ಗರಿಗರಿ ಮಾಡಿ. ಹಪ್ಪಳದ ಹಾಗೆ ಮುರಿದು ಮೇಲೆ ಉದುರಿಸಿ. ಇದೊಂದು ಮಾಡಿದರೆ ತಿನ್ನುವವರಿಗೆ ಹಳೇ ಚಿಕನ್ ಎನಿಸುವುದೇ ಇಲ್ಲ.

ಹಂತ 6: ರುಚಿ ಸೇರಿಸುವುದು

ಗ್ರಿಲ್ ಚಿಕನ್‌ನ ಮಸಾಲೆ ಹೊರಗೆ ಮಾತ್ರ. ಎದೆಯ ಒಳಭಾಗ ಸಪ್ಪೆ. ಇದನ್ನು ಸರಿ ಮಾಡಲು ಮಸಾಲೆ ಹಾಕಿ ಕುದಿಸುವುದು ಮೂರನೆಯ ದೂರಿನ ಮೂಲ.

ಕ್ರಮ ತಿರುಗಿಸಿ. ಮಸಾಲೆ ಪೂರ್ತಿ ಬೇಯಬೇಕು, ಚಿಕನ್ ಕೊನೆಗೆ ಬರಬೇಕು. ಈರುಳ್ಳಿ, ಬೆಳ್ಳುಳ್ಳಿ, ಟೊಮೇಟೊ, ಪುಡಿ ಎಲ್ಲ ಹಸಿ ವಾಸನೆ ಹೋಗಿ ಎಣ್ಣೆ ಬಿಡುವವರೆಗೆ ಹುರಿಯಿರಿ. ಸ್ಟಾಕ್ ಹಾಕಿ ಕುದಿಸಿ, ಉಪ್ಪು ಹುಳಿ ಸರಿ ಮಾಡಿ. ಉರಿ ಸಣ್ಣ ಮಾಡಿ. ಆಮೇಲೆ ಚಿಕನ್. ನಾಲ್ಕೈದು ನಿಮಿಷ ಮುಚ್ಚಿಟ್ಟು, ಬಿಸಿ ಅಳೆದು, ಇಳಿಸಿ. ಬ್ಯಾಡಗಿ ಮೆಣಸಿನಕಾಯಿ ರುಬ್ಬಿ ಮಾಡುವ ಘೀ ರೋಸ್ಟ್ ಮಸಾಲೆಗೂ ಇದೇ ಕ್ರಮ. ಬಿರಿಯಾನಿಗೆ ಹಾಕುವುದಾದರೆ ದಮ್ ಮುಗಿಯುವ ಹೊತ್ತಿಗೆ, ಆಗಲೇ ಬಿಸಿ ಮಾಡಿದ ತುಂಡುಗಳನ್ನು ಪದರದ ನಡುವೆ ಸೇರಿಸಿ. ಅಕ್ಕಿಯ ಜೊತೆ ಬೇಯಲು ಬಿಡಬೇಡಿ.

ಅಷ್ಟು ಸಮಯ ಇಲ್ಲವೇ? ಒಂದು ಒಗ್ಗರಣೆ ಸಾಕು. ಬೆಣ್ಣೆ, ಜಜ್ಜಿದ ಬೆಳ್ಳುಳ್ಳಿ ನಾಲ್ಕು ಎಸಳು, ಆಗ ತಾನೆ ಕುಟ್ಟಿದ ಕಾಳುಮೆಣಸು, ಕರಿಬೇವು. ಹಬೆಯಲ್ಲಿ ಬಿಸಿ ಮಾಡಿ, ಎಳೆಗೆ ಅಡ್ಡವಾಗಿ ಕತ್ತರಿಸಿದ ಎದೆ ತುಂಡುಗಳ ಮೇಲೆ ಸುರಿದು, ಬಟ್ಟಲಿನ ತಳದ ರಸವನ್ನೂ ಸೇರಿಸಿ ಹೊರಳಿಸಿ. ನಿಂಬೆರಸ ಉರಿಯಿಂದ ಇಳಿಸಿದ ಮೇಲೆ. ಮೊದಲೇ ಹಿಂಡಿದರೆ ಪರಿಮಳ ಹಾರಿಹೋಗುತ್ತದೆ.

ಬಿಸಿಯೇ ಮಾಡದೆ ತಿನ್ನುವುದೂ ಒಂದು ದಾರಿ, ಮತ್ತು ಒಣಗದಂತೆ ತಿನ್ನುವ ಅತಿ ಸುಲಭದ ದಾರಿ. ಸಮಯಕ್ಕೆ ಸರಿಯಾಗಿ ಫ್ರಿಜ್ ಸೇರಿದ ಚಿಕನ್ ಆಗಿರಬೇಕು ಅಷ್ಟೇ. ಸಣ್ಣಗೆ ಹೆಚ್ಚಿದ ಚಿಕನ್, ಸೌತೆಕಾಯಿ, ಈರುಳ್ಳಿ, ಹಸಿಮೆಣಸು, ಕೊತ್ತಂಬರಿ ಸೊಪ್ಪು, ತೆಂಗಿನತುರಿ, ನಿಂಬೆ. ನಮ್ಮನೆಯಲ್ಲಿ ಇದಕ್ಕೆ ಚಿಕನ್ ಕೋಸಂಬರಿ ಎಂದು ಹೆಸರು. ಅಜ್ಜಿ ಮುಂದೆ ಆ ಹೆಸರು ಹೇಳುವುದಿಲ್ಲ. ಸ್ಯಾಂಡ್‌ವಿಚ್‌ಗಾದರೆ ಮಯೋನೀಸ್ ಬದಲು ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಿದ ಗಟ್ಟಿ ಮೊಸರು.

ಹಂತ 7: ಫ್ರೀಜರ್

ನಾಳೆ, ನಾಡಿದ್ದು ತಿನ್ನುವುದಿಲ್ಲ ಎಂದು ಗೊತ್ತಿದ್ದರೆ ಅದೇ ರಾತ್ರಿ ಫ್ರೀಜರ್‌ಗೆ ಹಾಕಿ. ಮೂರನೇ ದಿನ ನೆನಪಾಗಿ ಹಾಕುವುದರಲ್ಲಿ ಅರ್ಥವಿಲ್ಲ, ಅಷ್ಟರಲ್ಲಿ ರುಚಿ ಹೋಗಿರುತ್ತದೆ.

ಒಂದು ಹೊತ್ತಿಗೆ ಬೇಕಾಗುವಷ್ಟು, ಅಂದರೆ 200ರಿಂದ 250 ಗ್ರಾಂ ಮಾಂಸ, ಜಿಪ್ ಕವರ್‌ಗೆ ಹಾಕಿ. ಮೂರು ನಾಲ್ಕು ಚಮಚ ಸ್ಟಾಕ್ ಸೇರಿಸಿ, ಗಾಳಿ ಹೊರಗೆ ಒತ್ತಿ, ರೊಟ್ಟಿಯ ಹಾಗೆ ಚಪ್ಪಟೆ ಮಾಡಿ, ದಿನಾಂಕ ಬರೆಯಿರಿ. ಮೈನಸ್ 18 ಡಿಗ್ರಿಯಲ್ಲಿ ಎರಡು ಮೂರು ತಿಂಗಳು ಚೆನ್ನಾಗಿರುತ್ತದೆ. ಒಣ ತುಂಡುಗಳನ್ನು ಹಾಗೇ ಹಾಕಿದರೆ ಬಿಳಿ ಕಲೆ ಬಿದ್ದು ಸ್ಪಂಜಿನ ಹಾಗಾಗುತ್ತವೆ.

ತೆಗೆಯುವಾಗ ಹಿಂದಿನ ರಾತ್ರಿ ಫ್ರಿಜ್‌ನ ಕೆಳಗಿನ ತಟ್ಟಿಗೆ ಇಳಿಸಿ. ಕಟ್ಟೆಯ ಮೇಲೆ ಬಿಟ್ಟು ಕರಗಿಸಬೇಡಿ. ಮರೆತಿದ್ದರೆ ಕುದಿಯುವ ಗ್ರೇವಿಗೆ ಹಾಗೇ ಹಾಕಿ, ಚಪ್ಪಟೆ ಇರುವುದರಿಂದ ಬೇಗ ಬಿಡಿಸಿಕೊಳ್ಳುತ್ತದೆ.

ಹೊರದೇಶದಲ್ಲಿರುವವರಿಗೆ

ಅಮೆರಿಕದ ಸೂಪರ್‌ಮಾರ್ಕೆಟ್‌ನ ರೋಟಿಸರಿ ಚಿಕನ್, ಅಂದರೆ ಕಾಸ್ಟ್‌ಕೊ 4.99 ಡಾಲರ್‌ಗೆ ಮಾರುವಂಥದ್ದು, ನಮ್ಮ ಗ್ರಿಲ್ ಚಿಕನ್‌ನ ಅಣ್ಣ ಇದ್ದ ಹಾಗೆ. ಗಾತ್ರ ದೊಡ್ಡದು, ಮಸಾಲೆ ಕಡಿಮೆ. ಹಂತಗಳು ಇವೇ. ವ್ಯತ್ಯಾಸ ಉಪ್ಪಿನಲ್ಲಿ. ಅಲ್ಲಿ ಸಾಮಾನ್ಯವಾಗಿ ಉಪ್ಪುನೀರನ್ನು ಮಾಂಸದೊಳಗೇ ಚುಚ್ಚಿ ತುಂಬಿ ಬೇಯಿಸುತ್ತಾರೆ. ಅದಕ್ಕೇ ಎದೆ ಭಾಗವೂ ಮೆತ್ತಗಿರುತ್ತದೆ. ಆ ಮೂಳೆಯ ಸ್ಟಾಕ್ ಕುದಿದು ಇಂಗಿದಷ್ಟೂ ಉಪ್ಪಾಗುತ್ತದೆ. ಸಾರಿನ ಪುಡಿ, ಉಪ್ಪು ಹಾಕುವ ಮೊದಲು ನಾಲಿಗೆಗೆ ಒಂದು ಹನಿ ಹಾಕಿ ನೋಡಿ. ಅಂಗಡಿಯವರು ಪ್ಲಾಸ್ಟಿಕ್ ಮುಚ್ಚಳದ ಡಬ್ಬಿಯಲ್ಲಿ ಕೊಟ್ಟಿದ್ದರೆ ಅದರಲ್ಲೇ ಫ್ರಿಜ್‌ಗೆ ಇಡಬೇಡಿ. ಅದರಲ್ಲಿ ಗಾಳಿಗೆ ಜಾಗ ಜಾಸ್ತಿ, ಇಡೀ ಹಕ್ಕಿ ಬೇಗ ತಣ್ಣಗಾಗುವುದೂ ಇಲ್ಲ.

ತಿನ್ನಬಾರದು ಎಂದು ತಿಳಿಯುವುದು ಹೇಗೆ

ಮುಟ್ಟಿದರೆ ಲೋಳೆ, ಹುಳಿ ವಾಸನೆ, ಬೂದು ಹಸಿರು ಛಾಯೆ, ಡಬ್ಬಿ ತೆರೆದಾಗ ಗಾಳಿ ಬಿಟ್ಟ ಸದ್ದು. ಇವುಗಳಲ್ಲಿ ಒಂದು ಕಂಡರೂ ಬಾಯಿಗಿಟ್ಟು ಪರೀಕ್ಷೆ ಮಾಡಬೇಡಿ, ಎಸೆಯಿರಿ.

ಆದರೆ ಹೊಟ್ಟೆ ಕೆಡಿಸುವ ಎಷ್ಟೋ ಬ್ಯಾಕ್ಟೀರಿಯಾ ವಾಸನೆಯನ್ನೇ ಬಿಡುವುದಿಲ್ಲ. ಚೆನ್ನಾಗಿ ಕಾಯಿಸಿದರೆ ಎಲ್ಲ ಸಾಯುತ್ತದೆ ಎಂಬ ಮಾತೂ ಅರ್ಧ ಸರಿ. ಕೆಲವು ಬ್ಯಾಕ್ಟೀರಿಯಾ ಬಿಟ್ಟುಹೋದ ವಿಷ ಕುದಿಸಿದರೂ ಹೋಗುವುದಿಲ್ಲ. ರಾತ್ರಿಯಿಡೀ ಕಟ್ಟೆಯ ಮೇಲೆ ಉಳಿದದ್ದು ಬೆಳಿಗ್ಗೆ ಎಷ್ಟೇ ಘಮಘಮ ಎಂದರೂ ಅದು ಕಸದ ಡಬ್ಬಿಗೆ ಹೋಗಬೇಕು. ಬೀದಿ ನಾಯಿಗೂ ಹಾಕಬೇಡಿ. ಬೆಂದ ಕೋಳಿ ಮೂಳೆ ಚೂಪಾಗಿ ಸೀಳಿ ಅದರ ಗಂಟಲಿಗೆ ಚುಚ್ಚುತ್ತದೆ.